ಸಿಂಕಿಗೂ ಒಂದು ಕೋಡಿ ಇರುತ್ತೆ

ಈ ರೇಡಿಯೋದಲ್ಲಿ ಹಬ್ಬದ ಬಗ್ಗೆ, ಹಾಡಿನ ಬಗ್ಗೆ, ಊರಿನ ಬಗ್ಗೆ ಚೆನ್ನಾಗಿ ಮಾತಾಡೋರು ಬಹಳ ಜನ ಇದ್ದಾರೆ. ನಾನು ಇವತ್ತು ಅಡುಗೆಮನೆ ಸಿಂಕಿನ ಬಗ್ಗೆ ಮಾತಾಡ್ತೀನಿ. ಈ ವಿಷಯ ಹೇಳಿದಾಗ ನನ್ನ ಮಗಳು "ಅಮ್ಮಾ, ಪ್ಲೀಸ್, ಬೇಡ" ಅಂದಳು. ಬೇಡ ಅನ್ನೋದಕ್ಕೆ ಕಾರಣ ಇದೆ. ಕಥೆ ಅವಳ ಮನೆಯದು. ತಪ್ಪು ಮಾತ್ರ ನನ್ನದು.

ನಿಮ್ಮಲ್ಲಿ ಬಹಳ ಜನ ಈಗ ಅಪ್ಪ ಅಮ್ಮನ ಮನೆ ಬಿಟ್ಟು ಸ್ವಂತ ಮನೆ ಮಾಡ್ತಾ ಇದ್ದೀರಿ. ಕೆಲವರು ಬಾಡಿಗೆಗೆ, ಕೆಲವರು ಸಾಲ ಮಾಡಿ ಕೊಂಡು. ನನ್ನ ಮಗಳು ಲಂಡನ್ನಿನ ಪೂರ್ವ ಭಾಗದಲ್ಲಿ ಒಂದು ಪುಟ್ಟ ಫ್ಲಾಟ್ ಕೊಂಡಳು. ಹಳೇ ಕಾಲದ ಇಟ್ಟಿಗೆ ಮನೆಯನ್ನ ಮೂರು ಭಾಗ ಮಾಡಿ ಮಾರಿದ್ದಾರಲ್ಲ, ಅಂಥದ್ದರಲ್ಲಿ ಮೇಲಿನ ಭಾಗ. ಅಡುಗೆಮನೆ ಎಷ್ಟು ಚಿಕ್ಕದು ಅಂದರೆ ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತೆ. ಹಳೇ ಸಿಂಕು ತೆಗೆಸಿ ಅವಳು ಒಂದು ದುಂಡನೆಯ ಸಿಂಕು ಹಾಕಿಸಿದಳು. ಅಗಲ 38 ಸೆಂಟಿಮೀಟರ್, ಆಳ 15. ಅದರ ಮೇಲೆ ಕೊಕ್ಕರೆ ಕುತ್ತಿಗೆಯ ಹಾಗೆ ಬಾಗಿದ ಎತ್ತರದ ನಲ್ಲಿ. ಮೂಗಿಗಿಂತ ಮೂಗುತಿ ಭಾರ ಅಂತ ನಾವು ಅಂತೀವಲ್ಲ, ಹಾಗೆ. ಫೋಟೋದಲ್ಲಿ ಬಹಳ ಚೆಂದ ಕಾಣ್ತಿತ್ತು, ಅದನ್ನ ಒಪ್ಕೋತೀನಿ. "ಇಷ್ಟು ಚಿಕ್ಕದು ಸಾಕೇನೇ?" ಅಂದೆ. "ನಾನೇನು ದಿನಾ ಅಡುಗೆ ಮಾಡ್ತೀನಾ ಅಮ್ಮಾ? ಒಂದು ಮಗ್ಗು, ಒಂದು ಪ್ಲೇಟು" ಅಂದಳು.

ಆಮೇಲೆ ನಾನು ಹೋದೆ. ಒಂದು ವಾರ ಇದ್ದು ಬರೋಣ ಅಂತ. ಹೋಗುವಾಗ ಐದು ಲೀಟರಿನ ಕುಕ್ಕರ್ ತಗೊಂಡು ಹೋದೆ. ನಿಮ್ಮ ಅಮ್ಮಂದಿರೂ ಹೀಗೇ ಮಾಡ್ತಾರೆ, ನನಗೆ ಗೊತ್ತು.

ಮೂರನೇ ದಿನ ಬಿಸಿಬೇಳೆಬಾತ್ ಮಾಡಿದೆ. ತಳ ಹಿಡಿಯಿತು. ನೆನೆಯಲಿ ಅಂತ ಕುಕ್ಕರನ್ನ ಸಿಂಕಿನಲ್ಲಿಟ್ಟು ನಲ್ಲಿ ತಿರುಗಿಸಿದೆ. ಅಷ್ಟರಲ್ಲಿ ಅರಸೀಕೆರೆಯಿಂದ ಅಕ್ಕನ ಫೋನು. ಮುಂದಿನ ಕೋಣೆಗೆ ಹೋಗಿ ಕೂತೆ. ಅಕ್ಕನ ಫೋನು ಎರಡು ನಿಮಿಷಕ್ಕೆ ಮುಗಿಯೋದಲ್ಲ. ಫೋನ್ ಇಟ್ಟಾಗ ನೋಡಿದರೆ 12 ನಿಮಿಷ ಆಗಿತ್ತು. ಅಡುಗೆಮನೆಗೆ ಬಂದರೆ ಕಾಲಿಗೆ ನೀರು.

ಲೆಕ್ಕ ಹಾಕಿ. ಆ ಸಿಂಕಿನಲ್ಲಿ ಹಿಡಿಯೋದು ಸುಮಾರು 15 ಲೀಟರ್. ಆ ನಲ್ಲಿ ನಿಮಿಷಕ್ಕೆ 8 ಲೀಟರ್ ನೀರು ಬಿಡುತ್ತೆ. ತುಂಬೋದಕ್ಕೆ ಎರಡು ನಿಮಿಷವೂ ಬೇಡ. ಉಳಿದ ಹತ್ತು ನಿಮಿಷದ ನೀರಿನಲ್ಲಿ ಒಂದಷ್ಟು ಪೈಪಿನಲ್ಲಿ ಇಳಿದಿರಬಹುದು. ಮಿಕ್ಕಿದ್ದೆಲ್ಲ ನೆಲದ ಮೇಲೆ.

ನಾನು ಟವೆಲ್ ಹಾಕಿ ಒರೆಸ್ತಾ ಇದ್ದೆ. ನೆಲ ಒಣಗಿದರೆ ಆಯಿತು, ಮಗಳು ಆಫೀಸಿನಿಂದ ಬರೋ ಹೊತ್ತಿಗೆ ಏನೂ ಗೊತ್ತಾಗಲ್ಲ ಅಂತ ನನ್ನ ಲೆಕ್ಕ. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಕೆಳಗಿನ ಮನೆಯ ಅಜ್ಜಿ. ಎಪ್ಪತ್ತೈದು ದಾಟಿರಬೇಕು, ಒಬ್ಬರೇ ಇರೋದು. ಬೈಯಲಿಲ್ಲ. ನಮ್ಮ ಮಂಚದ ಮೇಲೆ ನೀರು ತೊಟ್ಟಿಕ್ಕುತ್ತಾ ಇದೆ, ನಿಮ್ಮಲ್ಲಿ ಏನಾದರೂ ಆಗಿದೆಯಾ ಅಂತ ಮೆತ್ತಗೆ ಕೇಳಿದರು. ನಮ್ಮ ಅಡುಗೆಮನೆಯ ಕೆಳಗೆ ಅವರ ಮಲಗೋ ಕೋಣೆ ಅಂತ ನನಗೆ ಗೊತ್ತೇ ಇರಲಿಲ್ಲ.

ಇದನ್ನ ನಾನು ಯಾಕೆ ಇಷ್ಟು ಉದ್ದ ಹೇಳ್ತಿದ್ದೀನಿ ಅಂದರೆ, ಮೂವತ್ತು ವರ್ಷ ಅಡುಗೆ ಮಾಡಿದ ಹೆಂಗಸಿಗೆ ಆ ಕ್ಷಣದವರೆಗೂ ನೆಲದ ಕೆಳಗೆ ಇನ್ನೊಬ್ಬರು ಮಲಗ್ತಾರೆ ಅನ್ನೋ ಯೋಚನೆ ಬಂದಿರಲಿಲ್ಲ. ನಾನು ಬೆಳೆದ ಮನೆಯಲ್ಲಿ ಪಾತ್ರೆ ತೊಳೀತಿದ್ದಿದ್ದು ಹಿತ್ತಲಲ್ಲಿ, ಒಂದು ಕಲ್ಲಿನ ಮೇಲೆ. ಮುಸುರೆ ಪಾತ್ರೆ ಅಂತೀವಿ, ಅಂದರೆ ಉಂಡು ಎತ್ತಿಟ್ಟ ಎಂಜಲು ಪಾತ್ರೆ. ನೀರು ಎಷ್ಟೇ ಚೆಲ್ಲಿದರೂ ಬಾಳೆ ಬುಡಕ್ಕೆ ಹೋಗ್ತಿತ್ತು. ಆಮೇಲೆ ಒಳಗೆ ಸಿಂಕು ಬಂತು. ಆದರೂ ನೆಲ ಕಲ್ಲಿನದು, ಅದಕ್ಕೊಂದು ಇಳಿಜಾರು, ಮೂಲೆಯಲ್ಲಿ ಬಚ್ಚಲಿಗೆ ಹೋಗೋ ತೂತು. ಸಿಂಕು ತುಂಬಿ ಹರಿದರೆ ಕಸಪೊರಕೆ ತಗೊಂಡು ಗುಡಿಸಿಬಿಟ್ಟರೆ ಮುಗೀತು. ಇಲ್ಲಿ ನೆಲದಲ್ಲಿ ತೂತಿಲ್ಲ. ಹಳೇ ಮನೆಗಳಲ್ಲಿ ನೆಲ ಅಂದರೆ ಮರದ ತೊಲೆ, ಅದರ ಮೇಲೆ ಹಲಗೆ, ಕೆಳಗೆ ಪ್ಲಾಸ್ಟರು. ನೀರು ಸಂದಿ ಹುಡುಕಿಕೊಂಡು ಹೋಗುತ್ತೆ. ಅಲ್ಲಿ ನೆಲವೇ ತಡೆದುಕೊಳ್ತಿದ್ದದ್ದನ್ನ ಇಲ್ಲಿ ಸಿಂಕೊಂದೇ ತಡೆದುಕೊಳ್ಳಬೇಕು.

ಈಗ ಒಂದು ಕನ್ನಡ ಪದ ಹೇಳ್ತೀನಿ. ಕೋಡಿ. ನಮ್ಮ ಕಡೆ ಕೆರೆ ಅಂದರೆ ಮೂರು ಇರಲೇಬೇಕು. ನೀರು ತಡೆಯೋದಕ್ಕೆ ಮಣ್ಣಿನ ಏರಿ. ಗದ್ದೆಗೆ ನೀರು ಬಿಡೋದಕ್ಕೆ ಕೆಳಗೆ ತೂಬು. ಕೆರೆ ತುಂಬಿದಾಗ ಹೆಚ್ಚಾದ ನೀರು ತಾನಾಗೇ ಹೊರಗೆ ಹೋಗೋದಕ್ಕೆ ಒಂದು ಪಕ್ಕದಲ್ಲಿ ಕೋಡಿ. ಕೋಡಿ ಯಾವಾಗಲೂ ಏರಿಗಿಂತ ತಗ್ಗು. ಇಲ್ಲದಿದ್ದರೆ ನೀರು ಏರಿ ಹತ್ತಿ, ಏರಿಯನ್ನೇ ಕೊಚ್ಚಿಕೊಂಡು ಹೋಗುತ್ತೆ. ಕೆರೆ ಕೋಡಿ ಬಿತ್ತು ಅಂದರೆ ಊರಿಗೆ ಊರೇ ನೋಡೋಕೆ ಹೋಗ್ತಿತ್ತು.

ನಿಮ್ಮ ಸಿಂಕು ಒಂದು ಸಣ್ಣ ಕೆರೆ. ಅಂಚು ಏರಿ. ತಳದ ತೂತು ತೂಬು. ಹಿಂದಿನ ಗೋಡೆಯಲ್ಲಿ ಅಂಚಿಗಿಂತ ಸ್ವಲ್ಪ ಕೆಳಗೆ ಒಂದು ಚಿಕ್ಕ ತೂತು ಇರುತ್ತಲ್ಲ, ಅದು ಕೋಡಿ. ಬ್ರಿಟನ್ನಿನಲ್ಲಿ, ಯುರೋಪಿನಲ್ಲಿ ಅಡುಗೆಮನೆ ಸಿಂಕಿಗೆ ಅದು ಸಾಮಾನ್ಯವಾಗಿ ಇರುತ್ತೆ. ಅಮೆರಿಕದಿಂದ ಕೇಳ್ತಿರೋರು ನಿಮ್ಮ ಸಿಂಕು ನೋಡಿ. ಅಲ್ಲಿ ಬಹುಪಾಲು ಅಡುಗೆಮನೆ ಸಿಂಕುಗಳಲ್ಲಿ ಆ ತೂತೇ ಇರೋಲ್ಲ.

ನನ್ನ ಮಗಳ ಸಿಂಕಿನಲ್ಲಿ ಕೋಡಿ ಇತ್ತು. ಆದರೂ ನೀರು ಹೊರಗೆ ಬಂತು. ಯಾಕೆ? ಕೆರೆಯಲ್ಲಿ ಕೋಡಿಯ ನೀರಿಗೆ ಬೇರೆ ಹಳ್ಳ ಇರುತ್ತೆ. ಸಿಂಕಿನಲ್ಲಿ ಹಾಗಲ್ಲ. ಬೀರು ತೆಗೆದು ಕೆಳಗೆ ನೋಡಿ. ಹಿಂದಿನ ತೂತಿನಿಂದ ಒಂದು ಸಣ್ಣ ಪೈಪು ಇಳಿದು ಬಂದು ತೂಬಿನ ಕೊಳವೆಗೇ ಸೇರುತ್ತೆ. ಅಲ್ಲಿಂದ ಮುಂದೆ ಎರಡಕ್ಕೂ ಒಂದೇ ದಾರಿ. ಪ್ಲಗ್ ಹಾಕಿ ಮರೆತರೆ ಕೋಡಿ ಕಾಪಾಡುತ್ತೆ. ಪಾತ್ರೆ ತೂತಿನ ಮೇಲೆ ಕೂತರೂ ಕಾಪಾಡುತ್ತೆ. ಪೈಪೇ ಕಟ್ಟಿದ್ದರೆ ಕೋಡಿ ಇದ್ದೂ ಇಲ್ಲ. ಅವತ್ತು ನನ್ನ ಕುಕ್ಕರು ತೂತು ಮುಚ್ಚಿಕೊಂಡು ಕೂತಿತ್ತು, ಅದು ನಿಜ. ಆದರೆ ಅದಕ್ಕೂ ಎರಡು ದಿನ ಮುಂಚಿನಿಂದ ನೀರು ನಿಧಾನವಾಗಿ ಇಳೀತಾ ಇತ್ತು. ನಾನು ನೋಡಿದ್ದೆ. ನೋಡಿ ಸುಮ್ಮನಿದ್ದೆ. ಮೂರು ದಿನದ ಒಗ್ಗರಣೆ ಎಣ್ಣೆ, ಅನ್ನದ ಅಗುಳು, ಎಲ್ಲಾ ಒಳಗೆ ಕಟ್ಟಿಕೊಂಡಿತ್ತು.

ಆದ್ದರಿಂದ ನಿಮ್ಮ ಮನೆಯಲ್ಲಿ ಒಂದು ಪರೀಕ್ಷೆ ಮಾಡಿ. ಪ್ಲಗ್ ಹಾಕಿ, ನಲ್ಲಿ ಪೂರ್ತಿ ತಿರುಗಿಸಿ, ಪಕ್ಕದಲ್ಲೇ ನಿಂತ್ಕೊಳ್ಳಿ. ಕೈ ನಲ್ಲಿಯ ಮೇಲೇ ಇರಲಿ. ಫೋನು ಬೇರೆ ಕೋಣೆಯಲ್ಲಿರಲಿ. ನೀರು ಕೋಡಿಗೆ ಮುಟ್ಟಿದ ಮೇಲೆ ಮಟ್ಟ ನಿಂತಿತೋ, ಏರುತ್ತಲೇ ಇದೆಯೋ ನೋಡಿ. ಏರುತ್ತಿದ್ದರೆ ನಿಮ್ಮ ನಲ್ಲಿ ಕೊಡೋದು ಜಾಸ್ತಿ, ಕೋಡಿ ಒಯ್ಯೋದು ಕಡಿಮೆ. ತಕ್ಷಣ ನಿಲ್ಲಿಸಿ. ಅಷ್ಟಾದ ಮೇಲೆ ಟಾರ್ಚ್ ಹಿಡಿದು ಕೆಳಗಿನ ಬೀರುವಿನಲ್ಲಿ ನೋಡಿ. ಕೋಡಿಯ ಪೈಪು ವರ್ಷಗಟ್ಟಲೆ ಕೆಲಸ ಮಾಡಿರೋಲ್ಲ. ಅದರ ರಬ್ಬರ್ ವಾಷರು ಒಣಗಿರುತ್ತೆ, ಸಡಿಲವಾಗಿರುತ್ತೆ. ಬೇಕಾದ ದಿನವೇ ಅಲ್ಲಿಂದ ಸೋರುತ್ತೆ. ನಲ್ಲಿಯ ವೇಗ ತಿಳಿಯಬೇಕಾದರೆ ಎರಡು ಲೀಟರಿನ ಜಗ್ಗು ಹಿಡಿಯಿರಿ. 15 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 8 ಲೀಟರ್.

ಇನ್ನು ಹೊಸ ಸಿಂಕು ಆರಿಸೋ ಮಾತು. ಅಂಗಡಿಗೆ ಹೋಗೋ ಮುಂಚೆ ಮನೆಯ ಅತಿ ದೊಡ್ಡ ಪಾತ್ರೆ ಅಳೆಯಿರಿ. ಈಗ ಇರೋದನ್ನಲ್ಲ, ಅಮ್ಮ ಬಂದಾಗ ತರೋದನ್ನ. ಹಿಡಿ ಸೇರಿಸಿ ಅಳೆಯಿರಿ. ಆ ಪಾತ್ರೆ ಸಿಂಕಿನಲ್ಲಿಟ್ಟ ಮೇಲೂ ಒಂದು ಪಕ್ಕದಲ್ಲಿ ನಿಮ್ಮ ಕೈ ಹೋಗೋವಷ್ಟು, ನೀರು ಇಳಿಯೋವಷ್ಟು ಜಾಗ ಉಳಿಯಬೇಕು. ದುಂಡು ಸಿಂಕಿನ ತೊಂದರೆ ಅದೇ. ದುಂಡು ಪಾತ್ರೆ ಅದರಲ್ಲಿ ಮುಚ್ಚಳದ ಹಾಗೆ ಕೂತುಬಿಡುತ್ತೆ. ಚೌಕದ್ದಾದರೆ ನಾಲ್ಕು ಮೂಲೆ ಉಳಿಯುತ್ತೆ. ಆದರೆ ಮೂಲೆ ಕತ್ತರಿಸಿದ ಹಾಗೆ ಚೂಪಾಗಿರೋದು ಬೇಡ, ಅಗುಳು ಅಲ್ಲೇ ನಿಲ್ಲುತ್ತೆ. ಸ್ವಲ್ಪ ದುಂಡಾದ ಮೂಲೆ ಇರಲಿ.

ಸಿಂಕಿನ ಅಗಲ ನಿಮ್ಮಿಷ್ಟ ಅಲ್ಲ, ಕೆಳಗಿನ ಬೀರುವಿನ ಇಷ್ಟ. ಈ ದೇಶದಲ್ಲಿ ಬೀರು ಸಾಮಾನ್ಯವಾಗಿ 40, 50, 60 ಸೆಂಟಿಮೀಟರಿನ ಅಳತೆಯಲ್ಲಿ ಬರುತ್ತೆ. ಪ್ರತಿ ಸಿಂಕಿನ ವಿವರದಲ್ಲೂ ಕನಿಷ್ಠ ಎಷ್ಟು ಅಗಲದ ಬೀರು ಬೇಕು ಅಂತ ಬರೆದಿರ್ತಾರೆ. ಅದನ್ನ ಮೊದಲು ಓದಿ, ಆಮೇಲೆ ಬಣ್ಣ ನೋಡಿ.

ಜಾಗ ಚಿಕ್ಕದಾದಾಗ ಅಗಲ ಸಿಗೋಲ್ಲ, ಆಳ ಸಿಗುತ್ತೆ. 15 ಸೆಂಟಿಮೀಟರ್ ಆಳಕ್ಕೂ 19, 20ಕ್ಕೂ ಬಹಳ ವ್ಯತ್ಯಾಸ. ನೀರು ಹಾರೋದು ಕಡಿಮೆ, ತುಂಬೋದಕ್ಕೆ ಹೊತ್ತು ಹಿಡಿಯುತ್ತೆ. ಹಾಗಂತ ಬಾವಿ ಮಾಡಿಸಬೇಡಿ. ಎತ್ತರ ಇರೋರಿಗೆ ಬಗ್ಗಿ ಬಗ್ಗಿ ಸೊಂಟ ನೋವು ಬರುತ್ತೆ. ಅದಕ್ಕಿಂತ ಮುಖ್ಯವಾದದ್ದು, ಸಿಂಕು ಆಳವಾದಷ್ಟೂ ಅದರ ತೂತು ಕೆಳಗೆ ಹೋಗುತ್ತೆ. ಗೋಡೆಯಲ್ಲಿ ನೀರು ಹೊರಗೆ ಹೋಗೋ ಪೈಪು ಮೊದಲಿದ್ದ ಎತ್ತರದಲ್ಲೇ ಇರುತ್ತೆ. ನೀರು ಮೇಲಕ್ಕೆ ಹತ್ತೋಲ್ಲ. ಆ ಪೈಪಿನ ಎತ್ತರ ಅಳೆದುಕೊಂಡು ಹೋಗಿ.

ನಲ್ಲಿಯನ್ನ ಸಿಂಕಿನ ಜೊತೆಗೇ ಆರಿಸಿ. ಎತ್ತರದ ನಲ್ಲಿಯಿಂದ ಆಳವಿಲ್ಲದ ಸಿಂಕಿಗೆ ಬಿದ್ದ ನೀರು ನಿಮ್ಮ ಅಂಗಿಗೇ ಬರೋದು. ಧಾರೆ ಸಿಂಕಿನ ಮಧ್ಯಕ್ಕೆ, ತೂತಿನ ಹತ್ತಿರಕ್ಕೆ ಬೀಳಬೇಕು. ಇಳಿಜಾರು ಗೋಡೆಗೆ ಬಿದ್ದರೆ ಚಿಮ್ಮುತ್ತೆ. ಇನ್ನೊಂದು ಅಂಗಡಿಯಲ್ಲಿ ಯಾರೂ ಹೇಳೋಲ್ಲ. ಈಗಿನ ನಲ್ಲಿಗಳು ಎಡಕ್ಕೂ ಬಲಕ್ಕೂ ತಿರುಗುತ್ತವೆ. ಸಿಂಕು ಕಿರಿದಾಗಿದ್ದರೆ ನಲ್ಲಿಯ ಮೂತಿ ಸಿಂಕು ದಾಟಿ ಕಟ್ಟೆಯ ಮೇಲೇ ನಿಲ್ಲುತ್ತೆ. ಅರೆನಿದ್ದೆಯಲ್ಲಿ ಕಾಫಿಗೆ ನೀರು ಹಿಡಿಯೋಕೆ ಹೋಗಿ ಕಟ್ಟೆ ತೊಳೆದವರು ನಮ್ಮ ಮನೆಯಲ್ಲೇ ಇದ್ದಾರೆ. ಹೆಸರು ಹೇಳೋಲ್ಲ, ಅವರು ಈಗ ಪಕ್ಕದಲ್ಲೇ ಕೂತು ಕೇಳ್ತಿದ್ದಾರೆ. ನಲ್ಲಿಯ ಬಾಯಲ್ಲಿ ಸಣ್ಣ ಜಾಲರಿ ಇರುತ್ತೆ. ಲಂಡನ್ನಿನ ನೀರು ಗಡಸು, ಅದರಲ್ಲಿ ಸುಣ್ಣ ಕಟ್ಟುತ್ತೆ, ಆಗ ಧಾರೆ ಸೊಟ್ಟಗೆ ಹಾರುತ್ತೆ. ಬಿಚ್ಚಿ ವಿನೆಗರ್‌ನಲ್ಲಿ ನೆನೆಹಾಕಿದರೆ ಸರಿಹೋಗುತ್ತೆ.

ಬಿಳೀ ಪಿಂಗಾಣಿ ಸಿಂಕು ಬೇಕು ಅನ್ನೋರಿಗೆ ಒಂದೇ ಮಾತು: ಅರಿಶಿನ. ಸ್ಟೀಲ್ ಸಾಕು.

ಬಾಡಿಗೆ ಮನೆಯವರು ಓನರನ್ನ ಕೇಳದೆ ಸಿಂಕು ಬದಲಾಯಿಸೋ ಹಾಗಿಲ್ಲ, ಗೊತ್ತಲ್ಲ. ಅದಕ್ಕೆ ಈ ಊರಿನವರದೇ ಒಂದು ಉಪಾಯ ಇದೆ. ಇಂಗ್ಲಿಷರ ಮನೆಯಲ್ಲಿ ಸಿಂಕಿನೊಳಗೆ ಒಂದು ಪ್ಲಾಸ್ಟಿಕ್ ಬೋಗುಣಿ ಇಟ್ಟಿರ್ತಾರೆ, ಅದರಲ್ಲಿ ಪಾತ್ರೆ ತೊಳೀತಾರೆ. ನಾನು ಈ ದೇಶಕ್ಕೆ ಬಂದ ಹೊಸದರಲ್ಲಿ ನೋಡಿ ನಕ್ಕಿದ್ದೆ, ಇದೇನು ಸಿಂಕಿನೊಳಗೆ ಸಿಂಕು ಅಂತ. ಈಗ ನಗೋಲ್ಲ. ಬೋಗುಣಿ ತುಂಬಿದರೆ ನೀರು ಚೆಲ್ಲೋದು ಸಿಂಕಿಗೆ. ಸಿಂಕಿನ ತೂತು ತೆರೆದೇ ಇರುತ್ತೆ. ಅಂದರೆ ತುಂಬೋ ಪಾತ್ರೆ ಬೇರೆ, ಹರಿದು ಹೋಗೋ ದಾರಿ ಬೇರೆ. ಬೋಗುಣಿ ಸಿಂಕಿಗಿಂತ ಸಾಕಷ್ಟು ಚಿಕ್ಕದಿರಲಿ, ಸುತ್ತ ಸಂದಿ ಉಳಿಯಲಿ. ಅದು ಬೇಡ ಅಂದರೆ ತಳದಲ್ಲಿ ಕಂಬಿಯ ಜಾಲರಿ ಹಾಕಿ, ಕುಕ್ಕರು ತೂತಿನ ಮೇಲೆ ಕೂರೋಲ್ಲ.

ಎಣ್ಣೆಯ ವಿಷಯ ಹೇಳಲೇಬೇಕು. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ರಸ್ತೆಯ ಕೆಳಗೆ ಚರಂಡಿಯಲ್ಲಿ ಕೊಬ್ಬಿನ ಗಡ್ಡೆ ಸಿಕ್ಕಿತು. ಉದ್ದ 250 ಮೀಟರ್, ತೂಕ ಸುಮಾರು 130 ಟನ್. ಜನ ಸುರಿದ ಎಣ್ಣೆ, ಕೊಬ್ಬು, ಒರೆಸೋ ಬಟ್ಟೆಗಳು ಸೇರಿ ಕಲ್ಲಾಗಿದ್ದು. ಅದರ ಒಂದು ತುಂಡನ್ನ ಮರುವರ್ಷ ಮ್ಯೂಸಿಯಂ ಆಫ್ ಲಂಡನ್‌ನಲ್ಲಿ ಪ್ರದರ್ಶನಕ್ಕೇ ಇಟ್ಟಿದ್ದರು. ನಿಮ್ಮ ಸಿಂಕಿನ ಕೆಳಗೆ ಆಗೋದು ಅದರದೇ ಪುಟ್ಟ ತಮ್ಮ. ತುಪ್ಪ, ಕೊಬ್ಬರಿ ಎಣ್ಣೆ ಚಳಿಗಾಲದಲ್ಲಿ ಬಾಟಲಿಯಲ್ಲೇ ಗಟ್ಟಿಯಾಗುತ್ತಲ್ಲ, ತಣ್ಣನೆಯ ಪೈಪಿನಲ್ಲಿ ಕೇಳಬೇಕೆ? ಬಿಸಿನೀರು ಸುರಿದರೆ ಕರಗಿ ಹೋಯಿತು ಅನಿಸುತ್ತೆ. ಸ್ವಲ್ಪ ಮುಂದೆ ಹೋಗಿ ಅಲ್ಲಿ ಗಟ್ಟಿಯಾಗುತ್ತೆ, ಅಷ್ಟೇ. ಬಾಣಲೆಯನ್ನ ಮೊದಲು ಪೇಪರಿನಲ್ಲಿ ಒರೆಸಿ ಕಸಕ್ಕೆ ಹಾಕಿ, ಆಮೇಲೆ ತೊಳೆಯಿರಿ. ಅಗುಳು, ಕರಿಬೇವು, ಹುಣಸೆ ಚರಟ ಹಿಡಿಯೋದಕ್ಕೆ ತೂತಿನ ಮೇಲೆ ಜರಡಿ ಇರಲಿ.

ನೀರು ನಿಧಾನವಾಯಿತು ಅಂದರೆ ಆವತ್ತೇ ಕೈಹಾಕಿ. ಸಿಂಕಿನ ಕೆಳಗೆ ಬಾಗಿದ ಭಾಗವೊಂದಿದೆ, ಅದೇ ಟ್ರ್ಯಾಪ್. ಚರಂಡಿ ವಾಸನೆ ಮೇಲೆ ಬರದಿರಲಿ ಅಂತ ಅದರಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತೆ. ಬಹಳ ಸಲ ಕಟ್ಟೋದು ಅಲ್ಲೇ. ಕೆಳಗೆ ಬಕೆಟ್ ಇಡಿ. ಪ್ಲಾಸ್ಟಿಕ್ಕಿನದಾದರೆ ಕೈಯಲ್ಲೇ ತಿರುಗಿಸಿ ಬಿಚ್ಚಬಹುದು. ತೊಳೆದು ಮತ್ತೆ ಹಾಕಿ, ನೀರು ಬಿಟ್ಟು, ಸುತ್ತ ಒಂದು ಟಿಶ್ಯೂ ಒತ್ತಿ ನೋಡಿ. ಒದ್ದೆಯಾದರೆ ಇನ್ನೊಂದು ಸುತ್ತು ಬಿಗಿ ಮಾಡಿ. ಪೈಪು ಬಿಡಿಸೋ ಕೆಮಿಕಲ್ ಮೊದಲೇ ಸುರಿದಿದ್ದರೆ ಮಾತ್ರ ಬಿಚ್ಚೋ ಸಾಹಸ ಬೇಡ, ಕೈ ಮುಖ ಸುಡುತ್ತೆ. ಎರಡು ಬೇರೆ ಕೆಮಿಕಲ್ ಸೇರಿಸೋದಂತೂ ಬೇಡವೇ ಬೇಡ.

ಈ ದೇಶದಲ್ಲಿ ಬಟ್ಟೆ ಒಗೆಯೋ ಮಶೀನು ಅಡುಗೆಮನೆಯಲ್ಲೇ ಇರುತ್ತಲ್ಲ. ಅದರ ಕೊಳಕು ನೀರಿನ ಪೈಪು ಬಹಳ ಮನೆಗಳಲ್ಲಿ ಸಿಂಕಿನ ಟ್ರ್ಯಾಪಿಗೇ ಸೇರಿರುತ್ತೆ. ಮುಂದೆ ಕಟ್ಟಿದ್ದರೆ ಮಶೀನು ತಳ್ಳಿದ ನೀರು ಸಿಂಕಿಗೆ ಏರುತ್ತೆ. ಪ್ಲಗ್ ಹಾಕಿದ್ದರೆ ಕೋಡಿಯಿಂದಲೇ ಹಿಂದಕ್ಕೆ ಬರುತ್ತೆ. ಮಶೀನು ಹಾಕಿ ಹೊರಗೆ ಹೋಗೋ ಅಭ್ಯಾಸ ಇರೋರು ಇದನ್ನ ನೆನಪಿಟ್ಕೊಳ್ಳಿ. ನಿಮ್ಮ ಮನೆಯಲ್ಲಿ ಏನೂ ಓಡದೇ ಇರುವಾಗ ಸಿಂಕಿನಲ್ಲಿ ನೀರು ಏರಿದರೆ ಅದು ಕಟ್ಟಡದ ದೊಡ್ಡ ಪೈಪು ಕಟ್ಟಿರೋದು. ಮೇಲಿನ ಮನೆಯವರಿಗೆ ಹೇಳಿ ನೀರು ನಿಲ್ಲಿಸಿ, ಕಟ್ಟಡ ನೋಡಿಕೊಳ್ಳೋರಿಗೆ ಫೋನ್ ಮಾಡಿ.

ಮನೆಯ ನೀರು ಪೂರ್ತಿ ನಿಲ್ಲಿಸೋ ವಾಲ್ವ್ ಎಲ್ಲಿದೆ ಗೊತ್ತಾ? ಇಲ್ಲಿ ಅದಕ್ಕೆ ಸ್ಟಾಪ್‌ಕಾಕ್ ಅಂತಾರೆ, ಬಹಳ ಮನೆಗಳಲ್ಲಿ ಸಿಂಕಿನ ಕೆಳಗೇ ಇರುತ್ತೆ. ಗಡಿಯಾರದ ಮುಳ್ಳು ತಿರುಗೋ ಕಡೆಗೆ ತಿರುಗಿಸಿದರೆ ಮುಚ್ಚುತ್ತೆ. ಆರು ತಿಂಗಳಿಗೊಮ್ಮೆ ತಿರುಗಿಸಿ ನೋಡಿ, ಇಲ್ಲದಿದ್ದರೆ ಬೇಕಾದ ದಿನ ಅಲ್ಲಾಡೋಲ್ಲ. ಕೆಳಗಿನ ಮನೆಗೆ ನೀರು ಇಳಿದಿದೆ ಅನ್ನೋ ಅನುಮಾನ ಬಂದರೆ ನೆಲ ಒರೆಸ್ತಾ ಕೂರಬೇಡಿ. ಮೊದಲು ಕೆಳಗೆ ಹೋಗಿ ಹೇಳಿ. ದೀಪದ ಹತ್ತಿರ ಒದ್ದೆಯಿದ್ದರೆ ಸ್ವಿಚ್ ಮುಟ್ಟದೆ, ಫ್ಯೂಸ್ ಪೆಟ್ಟಿಗೆಯಲ್ಲಿ ಕರೆಂಟು ತೆಗೆಯೋಕೆ ಹೇಳಿ. ನಾನು ಇದನ್ನ ಮಾಡಲಿಲ್ಲ. ನಾಚಿಕೆ ಮುಚ್ಚಿಕೊಳ್ಳೋಕೆ ಟವೆಲ್ ಹುಡುಕ್ತಿದ್ದೆ.

ವಿಮೆಯಲ್ಲಿ ಇದಕ್ಕೆ ಎಸ್ಕೇಪ್ ಆಫ್ ವಾಟರ್ ಅಂತ ಹೆಸರು. ವಿಮೆ ಇದ್ದರೂ ಮೊದಲ ಒಂದಷ್ಟು ಹಣ ನಾವೇ ಹಾಕಬೇಕು, ನೀರಿನ ವಿಷಯದಲ್ಲಿ ಅದು ಬೇರೆಯದಕ್ಕಿಂತ ಹೆಚ್ಚಾಗಿರೋದುಂಟು. ಪಾಲಿಸಿ ತೆಗೆದು ಆ ಒಂದು ಸಾಲು ಓದಿ. ನಮ್ಮ ಪಾಲಿನದನ್ನ ನಾನು ಕೊಡ್ತೀನಿ ಅಂದೆ. ಮಗಳು ತಗೊಳ್ಳಲಿಲ್ಲ. ಬೈಯಲೂ ಇಲ್ಲ. ಅಜ್ಜಿಯ ಸೀಲಿಂಗು ಒಣಗಿ ಬಣ್ಣ ಹಚ್ಚೋವರೆಗೂ, ವಾರಗಟ್ಟಲೆ, ದಿನಾ ಆಫೀಸಿನಿಂದ ಬಂದವಳು ಮೊದಲು ಕೆಳಗಿನ ಬಾಗಿಲು ತಟ್ಟಿ ವಿಚಾರಿಸಿ ಆಮೇಲೆ ಮೇಲೆ ಬರ್ತಿದ್ದಳಂತೆ. ಅದನ್ನ ನನಗೆ ಹೇಳಿದ್ದು ಅವಳಲ್ಲ, ಆ ಅಜ್ಜಿ.

ಈಗ ಆ ದುಂಡು ಸಿಂಕಿಲ್ಲ. 50 ಸೆಂಟಿಮೀಟರಿನ ಬೀರು, ಒಳಗೆ 40ಕ್ಕೆ 40, ಆಳ 19. ಅಂಗಡಿಗೆ ಹೋಗುವಾಗ ಕುಕ್ಕರನ್ನ ಚೀಲದಲ್ಲಿ ಹಾಕಿಕೊಂಡೇ ಹೋಗಿದ್ದಳು. ಹೋದ ದೀಪಾವಳಿಗೆ ಹೋದಾಗ ನೋಡಿದೆ, ನಲ್ಲಿಯ ಮೇಲಿನ ಟೈಲಿಗೆ ಒಂದು ಹಳದಿ ಚೀಟಿ ಅಂಟಿಸಿದ್ದಾಳೆ. ಅವಳ ಕೈಬರಹ, ಕನ್ನಡದಲ್ಲಿ. "ಅಮ್ಮಾ, ನಳ್ಳಿ!" ಅಂತ. ನಲ್ಲಿ ಅಂತ ಬರೆಯೋಕೆ ಹೋಗಿ ಹಾಗಾಗಿದೆ. ನಳ್ಳಿ ಅಂದರೆ ಏಡಿ. ನಾನು ತಿದ್ದಿಲ್ಲ. ಪಾತ್ರೆ ಸಿಂಕಿಗೆ ಹಾಕಿದಾಗೆಲ್ಲ ಏಡಿ ನೆನಪಾಗುತ್ತೆ, ಕೈ ತಾನಾಗೇ ನಲ್ಲಿಗೆ ಹೋಗುತ್ತೆ.